ಪಂಜರದಿಂದ ಅಂಗಳಕ್ಕೆ ಬಂದ ಕೋಳಿ: ಉಗುರು ಮತ್ತು ಜಂತುಹುಳುವಿನ ಆರೈಕೆ

(ವಿಜ್ಞಾನ ಶಿಕ್ಷಕರ ಲೇಖನ)



ಹೊಸೂರು, ಬಾಗಲೂರು, ಬೇರಿಕೆ, ತಳಿ, ಡೆಂಕಣಿಕೋಟೆ ಕಡೆಯ ನಮ್ಮ ಹಳ್ಳಿಗಳಲ್ಲಿ ನಾಲ್ಕು ಕೋಳಿ ಇಲ್ಲದ ಮನೆ ಅಪರೂಪ. ಬೆಳಿಗ್ಗೆ ಮಂಕರಿ ಎತ್ತಿದರೆ ಹೊರಗೆ ಹೋಗುತ್ತವೆ, ತಿಪ್ಪೆ ಕೆದಕುತ್ತವೆ, ಸಂಜೆ ತಾವಾಗಿಯೇ ಬರುತ್ತವೆ. ಇಂಥ ಕೋಳಿಯ ಉಗುರನ್ನು ಯಾರೂ ಕತ್ತರಿಸುವುದಿಲ್ಲ. ಅದಕ್ಕೆ ಹುಳುವಿನ ಔಷಧಿ ಕೊಡಬೇಕೆಂಬ ಯೋಚನೆಯೂ ಬಹಳ ಮಂದಿಗೆ ಬರುವುದಿಲ್ಲ. ಆದರೆ ಮೊಟ್ಟೆಯ ಫಾರಂಗಳಿಂದ ಹೊರಬಿದ್ದ ಕೋಳಿಯನ್ನು ಮನೆಗೆ ತಂದು ಸಾಕಹೊರಟರೆ ಈ ಎರಡನ್ನೂ ಕಲಿಯದೆ ದಾರಿಯಿಲ್ಲ. ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿಯಿಂದ.

ಆಕೆ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ತಂದೆ ಒಂದು ಮೊಟ್ಟೆ ಫಾರಂನಲ್ಲಿ ಕೂಲಿ ಕೆಲಸಕ್ಕೆ ಹೋಗುವವರು. ಜೂನ್ ತಿಂಗಳಲ್ಲಿ ಒಂದು ಶೆಡ್ಡಿನ ಹಳೆಯ ಕೋಳಿಗಳನ್ನೆಲ್ಲ ಲಾರಿಗೆ ತುಂಬಿದರು. ಮೈಯಲ್ಲಿ ಪುಕ್ಕವಿಲ್ಲದೆ, ತೂಕಕ್ಕೂ ಬಾರದೆ ವ್ಯಾಪಾರಿ ಬೇಡವೆಂದ ಆರು ಹೇಂಟೆಗಳು ಉಳಿದವು. ಅವನ್ನು ಅವರು ಮನೆಗೆ ತಂದರು. ಸಾರಿಗೆ ಆಗಲಿ ಎಂದು ತಂದದ್ದು, ಮಗಳು ಬಿಡಲಿಲ್ಲ. "ಇವು ಇರಲಿ ಅಪ್ಪ, ನಾನು ನೋಡಿಕೊಳ್ಳುತ್ತೇನೆ" ಎಂದಳು. ಆಗಸ್ಟ್ ಕೊನೆಯ ಹೊತ್ತಿಗೆ ಆ ಆರರಲ್ಲಿ ಎರಡು ಸತ್ತವು. ಎರಡನೆಯದು ಸತ್ತ ದಿನ ಆಕೆ ನನ್ನ ಬಳಿ ಬಂದು, "ಸಾರ್, ಪಂಜರದಲ್ಲಿದ್ದಾಗ ಇವಕ್ಕೆ ಹುಳು ಇರಲಿಲ್ಲವಂತೆ. ಹಾಗಾದರೆ ನಾನು ಬಿಡಿಸಿ ತಂದದ್ದೇ ತಪ್ಪಾಯಿತೇ?" ಎಂದು ಕೇಳಿದಳು. ಅಂದು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಲೇಖನವೇ ಆ ಪ್ರಶ್ನೆಗೆ ಉತ್ತರ.

ಪಂಜರದ ಕೋಳಿಯ ಬಾಳು

ನಮ್ಮ ಶಾಲೆಯ ಮಧ್ಯಾಹ್ನದ ಊಟದ ತಟ್ಟೆಗೆ ಬರುವ ಮೊಟ್ಟೆ ನಾಟಿ ಕೋಳಿಯದಲ್ಲ. ತಮಿಳುನಾಡಿನಲ್ಲಿ ಮೊಟ್ಟೆಗೆ ಹೆಸರಾದ ಊರು ನಾಮಕ್ಕಲ್. ಅಲ್ಲಿಯೂ, ನಮ್ಮ ಸುತ್ತಮುತ್ತಲೂ ಇರುವ ದೊಡ್ಡ ಫಾರಂಗಳಲ್ಲಿ ಮೊಟ್ಟೆ ಕೋಳಿಗಳನ್ನು ಸಾಮಾನ್ಯವಾಗಿ ತಂತಿಯ ಪಂಜರಗಳಲ್ಲಿ ಸಾಕುತ್ತಾರೆ. ಒಂದು ಕೋಳಿಗೆ ಸಿಗುವ ಜಾಗ ಎ-4 ಅಳತೆಯ ಒಂದು ಹಾಳೆಗಿಂತಲೂ ಕಡಿಮೆ. ಸುಮಾರು 18ರಿಂದ 20 ವಾರದ ವಯಸ್ಸಿಗೆ ಮೊಟ್ಟೆ ಇಡಲಾರಂಭಿಸುವ ಈ ಕೋಳಿ ವರ್ಷಕ್ಕೆ 300ರಷ್ಟು ಮೊಟ್ಟೆ ಇಡುತ್ತದೆ. 72 ಅಥವಾ 80 ವಾರ ಕಳೆದ ಮೇಲೆ ಮೊಟ್ಟೆ ಕಡಿಮೆಯಾಗುತ್ತದೆ, ಮೇವಿನ ಖರ್ಚು ಹುಟ್ಟುವುದಿಲ್ಲ. ಆಗ ಅದನ್ನು ಮಾಂಸಕ್ಕೆ ಮಾರುತ್ತಾರೆ. ಆದರೆ ಕೋಳಿಯ ಸಹಜ ಆಯುಸ್ಸು ಐದರಿಂದ ಎಂಟು ವರ್ಷ. ಎಂದರೆ ಫಾರಂ ಬಿಡುವಾಗ ಅದಕ್ಕೆ ಇನ್ನೂ ಒಂದೂವರೆ ವರ್ಷ ಮಾತ್ರ ಆಗಿರುತ್ತದೆ.

ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೇವಿನಿಂದ ಬಂದದ್ದು ಸಾಲದಿದ್ದರೆ ದೇಹವು ಅದನ್ನು ಮೂಳೆಯಿಂದ ತೆಗೆದುಕೊಳ್ಳುತ್ತದೆ. ಆದುದರಿಂದ ಹಳೆಯ ಮೊಟ್ಟೆ ಕೋಳಿಯ ಮೂಳೆಗಳು ಬಹಳ ದುರ್ಬಲವಾಗಿರುತ್ತವೆ. ಅದನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತಬಾರದು. ಎರಡು ಕೈಗಳಿಂದ ರೆಕ್ಕೆಗಳ ಸಮೇತ ಮೈಯನ್ನು ತಬ್ಬಿ ಎತ್ತಬೇಕು. ಸೈಕಲ್ಲಿಗೆ ಕಾಲು ಕಟ್ಟಿ ತೂಗುಹಾಕಿಕೊಂಡು ಹೋಗುವುದನ್ನು ನಾವು ದಿನವೂ ನೋಡುತ್ತೇವೆ. ಪ್ರಾಣಿಗಳನ್ನು ಅನಗತ್ಯ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊಟ್ಟೆ ಕೋಳಿಗಳ ಸಾಗಣೆ ಮತ್ತು ಸಾಕಣೆಯ ವಿಷಯವಾಗಿಯೇ ಭಾರತದ ಕಾನೂನು ಆಯೋಗವು 2017ರಲ್ಲಿ ತನ್ನ 269ನೆಯ ವರದಿಯನ್ನು ನೀಡಿತು.

ಕೆದಕುವ ಕಾಲು

ಸಾಕುಕೋಳಿಯ ಪೂರ್ವಜ ಕೆಂಪು ಕಾಡುಕೋಳಿ. ಅದರ ಜೊತೆಗೆ ನಮ್ಮ ದಕ್ಷಿಣದ ಬೂದು ಕಾಡುಕೋಳಿಯ ಪಾಲೂ ಇದೆ. ಸಾಕುಕೋಳಿಗಳ ಹಳದಿ ಚರ್ಮದ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಡೆಂಕಣಿಕೋಟೆಯ ಆಚೆಯ ಮೇಲಗಿರಿ ಕಾಡಿನಲ್ಲಿ ಕೂಗುವ ಹಕ್ಕಿಯ ಗುರುತು ಫಾರಂನ ಬಿಳಿ ಕೋಳಿಯ ಹಳದಿ ಕಾಲಿನಲ್ಲಿದೆ ಎಂಬುದು ನೆನಪಿಡಬೇಕಾದ ಸಂಗತಿ.

ಕೋಳಿಯ ಕಾಲಿಗೆ ಸಾಮಾನ್ಯವಾಗಿ ನಾಲ್ಕು ಬೆರಳು; ಮುಂದೆ ಮೂರು, ಹಿಂದೆ ಒಂದು. ಕಾಡುಕೋಳಿ ದಿನದ ಬಹುಭಾಗವನ್ನು ತರಗೆಲೆ ಕೆದಕಿ, ಕುಕ್ಕಿ, ಹುಳು ಕಾಳು ಹೆಕ್ಕುವುದರಲ್ಲೇ ಕಳೆಯುತ್ತದೆ. ಉಗುರು ಕೆರಾಟಿನ್ ಎಂಬ ವಸ್ತುವಿನಿಂದ ಆದದ್ದು. ನಮ್ಮ ಉಗುರು, ಎತ್ತಿನ ಕೊಂಬಿನ ಹೊರಪದರ, ಹಕ್ಕಿಯ ಗರಿ, ಎಲ್ಲವೂ ಇದೇ ವರ್ಗದ ವಸ್ತುವಿನಿಂದ ಆದವು. ಇದು ಬೆಳೆಯುತ್ತಲೇ ಇರುತ್ತದೆ, ನೆಲಕ್ಕೆ ಉಜ್ಜಿ ಸವೆಯುತ್ತಲೂ ಇರುತ್ತದೆ. ಬೆಳೆಯುವುದೂ ಸವೆಯುವುದೂ ಸಮನಾಗಿದ್ದರೆ ಉಗುರು ತಕ್ಕ ಅಳತೆಯಲ್ಲಿ ನಿಲ್ಲುತ್ತದೆ.

ತಂತಿಯ ಮೇಲೆ ನಿಂತ ಕೋಳಿಗೆ ಕೆದಕಲು ಮಣ್ಣಿಲ್ಲ. ಬೆಳೆಯುವುದು ಉಂಟು, ಸವೆಯುವುದಿಲ್ಲ. ಆದುದರಿಂದ ಉಗುರು ಉದ್ದವಾಗಿ, ಕುಡುಗೋಲಿನಂತೆ ಬಾಗಿ, ಬೆರಳನ್ನು ಪಕ್ಕಕ್ಕೆ ತಿರುಗಿಸುತ್ತದೆ. ಅಂಥ ಕೋಳಿ ನೆಲದ ಮೇಲೆ ಪಾದ ಸಮನಾಗಿ ಊರಲಾರದು. ಕೊಂಬೆ ಹಿಡಿದು ಕೂರಲಾರದು. ಚೀಲದ ನಾರಿಗೆ, ಬಲೆಗೆ ಉಗುರು ಸಿಕ್ಕಿಕೊಂಡರೆ ಬುಡದಿಂದಲೇ ಕಿತ್ತುಬರುತ್ತದೆ. ನಮ್ಮ ವಿದ್ಯಾರ್ಥಿನಿಯ ಒಂದು ಕೋಳಿಗೆ ಮೂರನೆಯ ದಿನವೇ ಹೀಗಾಯಿತು. ಬೆಚ್ಚಗಿರಲಿ ಎಂದು ಹಾಸಿದ ಗೋಣಿಚೀಲವೇ ಅದಕ್ಕೆ ಬಲೆಯಾಯಿತು. ಇಂಥ ಕೋಳಿಗೆ ಗೋಣಿಯ ಬದಲು ಒಣ ಹುಲ್ಲು, ಭತ್ತದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ ಹಾಸುವುದು ಒಳ್ಳೆಯದು.

ಉಗುರು ಕತ್ತರಿಸುವ ಕ್ರಮ

ಇಲ್ಲಿ ನನ್ನ ತಪ್ಪನ್ನು ಮೊದಲು ಹೇಳುತ್ತೇನೆ. ಉಳಿದ ಕೋಳಿಗಳ ಉಗುರನ್ನು ನಾನೇ ಕತ್ತರಿಸಿಕೊಡುತ್ತೇನೆಂದು ಹೋದವನು, ಉದ್ದವಾದ ಭಾಗವನ್ನೆಲ್ಲ ಒಂದೇ ಸಲಕ್ಕೆ ತೆಗೆದುಬಿಟ್ಟೆ. ರಕ್ತ ಬಂತು, ಕೋಳಿ ಕಿರುಚಿತು. ಅದರ ಅಜ್ಜಿ ನನ್ನನ್ನು ಏನೂ ಅನ್ನಲಿಲ್ಲ, ಸುಮ್ಮನೆ ಕೋಳಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಆದ ತಪ್ಪು ಇಷ್ಟೇ: ಉಗುರಿನ ಒಳಗೆ ಬುಡದಿಂದ ಸ್ವಲ್ಪ ದೂರದವರೆಗೆ ರಕ್ತನಾಳವೂ ನರವೂ ಇರುತ್ತವೆ. ಉಗುರು ಉದ್ದ ಬೆಳೆದಂತೆ ಇದೂ ಮುಂದಕ್ಕೆ ಬಂದಿರುತ್ತದೆ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸರಿಯಾದ ಕ್ರಮ ಹೀಗಿದೆ:

1. ಸಂಜೆಯ ಹೊತ್ತು ಆರಿಸಿಕೊಳ್ಳಿ. ಬೆಳಕು ಕಡಿಮೆಯಾದಾಗ ಕೋಳಿ ಶಾಂತವಾಗಿರುತ್ತದೆ. ಒಬ್ಬರು ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಹಿಡಿಯಬೇಕು. ಎದೆಯ ಭಾಗವನ್ನು ಒತ್ತಬಾರದು, ಒತ್ತಿದರೆ ಉಸಿರು ಕಟ್ಟುತ್ತದೆ. ಇನ್ನೊಬ್ಬರು ಕತ್ತರಿಸಬೇಕು.

2. ಕಾಲನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು ಕೊಳೆ ತೊಳೆಯಿರಿ. ಉಗುರು ಮೆತ್ತಗಾಗಿ ಸೀಳುವುದು ತಪ್ಪುತ್ತದೆ.

3. ಉಗುರಿನ ಹಿಂದೆ ಟಾರ್ಚ್ ಹಿಡಿಯಿರಿ. ಬಿಳಿ ಕೋಳಿಯ ಉಗುರಿನಲ್ಲಿ ಕೆಂಪು ಗೆರೆ ಕಾಣುತ್ತದೆ. ಅದೇ ರಕ್ತನಾಳ. ಅದರಿಂದಾಚೆ ನಾಲ್ಕೈದು ಮಿಲಿಮೀಟರ್ ಬಿಟ್ಟು ತುದಿಯನ್ನು ಮಾತ್ರ ತೆಗೆಯಿರಿ.

4. ಉಗುರು ಕಪ್ಪಾಗಿದ್ದರೆ ಗೆರೆ ಕಾಣುವುದಿಲ್ಲ. ಆಗ ಒಂದೊಂದು ಮಿಲಿಮೀಟರಿನಷ್ಟೇ ತೆಗೆಯುತ್ತಾ ಹೋಗಬೇಕು. ಇಲ್ಲವೇ ಕತ್ತರಿಯನ್ನೇ ಬಿಟ್ಟು ಅರದಿಂದ ಉಜ್ಜಬೇಕು. ಹರಿತವಾದ ಉಗುರುಕತ್ತರಿ ಉತ್ತಮ. ಮೊಂಡಾದ ಕತ್ತರಿ ಉಗುರನ್ನು ಜಜ್ಜುತ್ತದೆ. ಬ್ಲೇಡು ಬೇಡವೇ ಬೇಡ.

5. ಎರಡು ಮೂರು ವಾರ ಬಿಟ್ಟು ಮತ್ತೆ ಸ್ವಲ್ಪ ತೆಗೆಯಿರಿ. ತುದಿ ಗಿಡ್ಡವಾದಂತೆ ಒಳಗಿನ ರಕ್ತನಾಳವೂ ನಿಧಾನವಾಗಿ ಹಿಂದೆ ಸರಿಯುತ್ತದೆ. ವರ್ಷದಲ್ಲಿ ಬೆಳೆದದ್ದನ್ನು ಒಂದು ದಿನದಲ್ಲಿ ಸರಿಪಡಿಸಲು ಹೋಗಬಾರದು.

6. ರಕ್ತ ಬಂದರೆ ಹೆದರಬೇಡಿ. ಶುಭ್ರವಾದ ಬಟ್ಟೆಯಲ್ಲಿ ಜೋಳದ ಹಿಟ್ಟನ್ನೋ ಮೈದಾ ಹಿಟ್ಟನ್ನೋ ಇಟ್ಟು ಉಗುರಿನ ತುದಿಗೆ ಕೆಲವು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ರಕ್ತ ನಿಂತ ಮೇಲೆ ಆ ಕೋಳಿಯನ್ನು ಒಂದು ದಿನ ಬೇರೆ ಇಡಿ. ಕೆಂಪು ಕಂಡರೆ ಇತರ ಕೋಳಿಗಳು ಕುಕ್ಕಿ ಗಾಯ ಮಾಡುತ್ತವೆ.

ಉಗುರು ನೋಡುವಾಗ ಅಂಗಾಲನ್ನೂ ನೋಡಿ. ಅಲ್ಲಿ ಕಪ್ಪು ಹಕ್ಕಳೆ ಇದ್ದು ಸುತ್ತ ಊದಿಕೊಂಡು ಬಿಸಿಯಾಗಿದ್ದರೆ ಅದು ಕೀವು ತುಂಬಿದ ಬಾವು. ಒರಟಾದ ನೆಲ, ಎತ್ತರದಿಂದ ಹಾರಿ ಬೀಳುವುದು, ಮುಳ್ಳು, ಇವುಗಳಿಂದ ಆದ ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿ ಹೀಗಾಗುತ್ತದೆ. ಇದನ್ನು ಮನೆಯಲ್ಲಿ ಕೊಯ್ಯದೆ ಪಶುವೈದ್ಯರಿಗೆ ತೋರಿಸಬೇಕು. ಕಾಲಿನ ಪೊರೆಗಳು ಎದ್ದು ಸುಣ್ಣ ಬಳಿದಂತೆ ಬೆಳ್ಳಗೆ ದಪ್ಪವಾಗಿದ್ದರೆ ಪೊರೆಯ ಕೆಳಗೆ ಕಣ್ಣಿಗೆ ಕಾಣದ ನುಸಿ ಸೇರಿದೆ ಎಂದು ತಿಳಿಯಬೇಕು. ಇದಕ್ಕೆ ಸೀಮೆಎಣ್ಣೆ ಹಚ್ಚುವ ರೂಢಿ ಹಳ್ಳಿಗಳಲ್ಲಿದೆ. ಅದು ಚರ್ಮವನ್ನು ಸುಡುತ್ತದೆ. ಕಾಲನ್ನು ತೊಳೆದು ಒರೆಸಿ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆಯನ್ನು ದಪ್ಪವಾಗಿ ಕೆಲವು ವಾರ ಹಚ್ಚುತ್ತಾ ಬಂದರೆ ಗಾಳಿಯಿಲ್ಲದೆ ನುಸಿ ಸಾಯುತ್ತದೆ. ಕಡಿಮೆಯಾಗದಿದ್ದರೆ ವೈದ್ಯರ ಬಳಿ ಬೇರೆ ಔಷಧಿ ಉಂಟು.

ಜಂತುಹುಳು ಎಲ್ಲಿಂದ ಬಂತು?

ಈಗ ಎರಡು ಕೋಳಿಗಳ ಸಾವಿನ ವಿಷಯಕ್ಕೆ ಬರೋಣ. ಜೂನ್‌ನಲ್ಲಿ ಬಂದ ಕೋಳಿಗಳು ಜುಲೈ ತಿಂಗಳಲ್ಲಿ ಚೆನ್ನಾಗಿಯೇ ಇದ್ದವು. ಹೊಸ ಪುಕ್ಕ ಬರತೊಡಗಿತು. ಎರಡು ಮೊಟ್ಟೆ ಇಡಲೂ ತೊಡಗಿದ್ದವು. ಆಗಸ್ಟ್ ಮಧ್ಯದಲ್ಲಿ ಜುಟ್ಟು ಬಿಳಿಚಿಕೊಂಡಿತು. ಮೇವು ತಿಂದರೂ ಎದೆಮೂಳೆ ಕತ್ತಿಯಂತೆ ಕೈಗೆ ಸಿಗುತ್ತಿತ್ತು. ಹಿಕ್ಕೆ ನೀರಾಯಿತು. ಒಂದು ಸತ್ತಾಗ ದೃಷ್ಟಿಯಾಯಿತೆಂದು ಮನೆಯವರು ಅಂದುಕೊಂಡರು. ಎರಡನೆಯದು ಸತ್ತಾಗ ಅದನ್ನು ಪಶುವೈದ್ಯರ ಬಳಿಗೆ ಕೊಂಡೊಯ್ದೆವು. ಅವರು ಕೊಯ್ದು ತೋರಿಸಿದರು. ಸಣ್ಣ ಕರುಳಿನ ತುಂಬ ಬೇಯಿಸಿದ ಶಾವಿಗೆಯಂತೆ ಬಿಳಿಯ ಹುಳುಗಳು ಒತ್ತೊತ್ತಾಗಿ ತುಂಬಿದ್ದವು.

ಇದು ಕೋಳಿಯ ದುಂಡುಹುಳು. ಇದರ ವೈಜ್ಞಾನಿಕ ಹೆಸರು ಅಸ್ಕರೀಡಿಯ ಗ್ಯಾಲೈ. ಗಂಡು ಹುಳು 5ರಿಂದ 7 ಸೆಂ.ಮೀ., ಹೆಣ್ಣು 11 ಸೆಂ.ಮೀ.ವರೆಗೂ ಬೆಳೆಯುತ್ತದೆ. ಇದರ ಜೀವನಚಕ್ರವನ್ನು ಗಮನವಿಟ್ಟು ಓದಿ.

ಹೆಣ್ಣು ಹುಳು ಇಟ್ಟ ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತವೆ. ಆಗಲೇ ಅವು ರೋಗ ಹರಡಲಾರವು. ತೇವವೂ ಬೆಚ್ಚಗಿನ ಹವೆಯೂ ಇದ್ದರೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಮೊಟ್ಟೆಯೊಳಗೆ ಮರಿ ಬಲಿಯುತ್ತದೆ. ಕೋಳಿ ನೆಲ ಕುಕ್ಕುವಾಗ ಅದು ಹೊಟ್ಟೆ ಸೇರುತ್ತದೆ. ಎರೆಹುಳು ಕೆಲವೊಮ್ಮೆ ಈ ಮೊಟ್ಟೆಗಳನ್ನು ನುಂಗಿರುತ್ತದೆ. ಆ ಎರೆಹುಳುವನ್ನು ತಿಂದರೂ ಅದೇ ಫಲ. ಕರುಳಿನಲ್ಲಿ ಮರಿ ಹೊರಬಂದು, ಕೆಲವು ದಿನ ಕರುಳಿನ ಒಳಪೊರೆಯಲ್ಲಿ ಹುದುಗಿದ್ದು ಅಲ್ಲಿ ಗಾಯ ಮಾಡಿ, ಮತ್ತೆ ಕರುಳಿನ ಕೊಳವೆಗೆ ಬಂದು ದೊಡ್ಡದಾಗುತ್ತದೆ. ಐದರಿಂದ ಎಂಟು ವಾರಗಳಲ್ಲಿ ತಾನೂ ಮೊಟ್ಟೆ ಇಡಲಾರಂಭಿಸುತ್ತದೆ. ಜೂನ್ ಮಧ್ಯದಿಂದ ಆಗಸ್ಟ್ ಮಧ್ಯಕ್ಕೆ ಎಷ್ಟು ವಾರವೆಂದು ಲೆಕ್ಕ ಹಾಕಿ ನೋಡಿ, ನಿಮಗೇ ತಿಳಿಯುತ್ತದೆ.

ಪಂಜರದ ಕೋಳಿಯ ಹಿಕ್ಕೆ ತಂತಿಯ ಸಂದಿನಿಂದ ಕೆಳಗೆ ಬೀಳುತ್ತದೆ. ಕೋಳಿಗೆ ಅದು ಎಟಕುವುದಿಲ್ಲ. ಹೀಗೆ ಚಕ್ರ ಅಲ್ಲಿಗೇ ಕಡಿಯುತ್ತದೆ. ಆದುದರಿಂದ ಪಂಜರದ ಕೋಳಿಗೆ ದುಂಡುಹುಳು ಕಡಿಮೆ. ಆದರೆ ಆ ಮನೆಯ ಅಂಗಳದಲ್ಲಿ ಹಲವು ವರ್ಷಗಳಿಂದ ನಾಟಿ ಕೋಳಿಗಳಿದ್ದವು. ಮಣ್ಣಿನ ತೇವದಲ್ಲಿ ಹುಳುವಿನ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮರಿಯಾಗಿದ್ದಾಗಿನಿಂದ ಅದೇ ಮಣ್ಣಿನಲ್ಲಿ ಬೆಳೆದ ನಾಟಿ ಕೋಳಿಯ ದೇಹ ಹುಳುವಿಗೆ ಒಗ್ಗಿರುತ್ತದೆ. ಅದರ ಹೊಟ್ಟೆಯಲ್ಲಿ ನಾಲ್ಕಾರು ಹುಳುವಿದ್ದರೂ ಅದು ತಡೆದುಕೊಳ್ಳುತ್ತದೆ. ಮಣ್ಣನ್ನೇ ಕಾಣದ, ಮೊಟ್ಟೆ ಇಟ್ಟು ಬಳಲಿದ ಕೋಳಿಗೆ ಆ ಶಕ್ತಿಯಿಲ್ಲ.

ಇನ್ನೊಂದು ಬಗೆಯದು ಲಾಡಿಹುಳು. ಇದು ನೇರವಾಗಿ ಕೋಳಿಯಿಂದ ಕೋಳಿಗೆ ಬರುವುದಿಲ್ಲ. ನಡುವೆ ಇರುವೆ, ನೊಣ, ಜೀರುಂಡೆ ಮುಂತಾದ ಕೀಟಗಳ ಹೊಟ್ಟೆಯಲ್ಲಿ ಒಂದು ಹಂತ ಕಳೆಯುತ್ತದೆ. ಆದುದರಿಂದ ಇದು ಪಂಜರದ ಕೋಳಿಗೂ ಬರಬಹುದು. ಹಿಕ್ಕೆಯ ಮೇಲೆ ಅಕ್ಕಿಯ ನುಚ್ಚಿನಂಥ ಬಿಳಿಯ ತುಂಡುಗಳು ಕಂಡರೆ ಅದು ಲಾಡಿಹುಳುವಿನ ಗುರುತು. ಕೋಳಿಯ ದುಂಡುಹುಳು ಮನುಷ್ಯರಿಗೆ ಹತ್ತುವುದಿಲ್ಲ. ಆದರೂ ಹಿಕ್ಕೆಯಲ್ಲಿ ಬೇರೆ ರೋಗಾಣುಗಳು ಇರುವುದರಿಂದ ಕೋಳಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಲೇಬೇಕು.

ಶಾಲೆಯ ಪ್ರಯೋಗಾಲಯದಲ್ಲಿ ಒಂದು ಪರೀಕ್ಷೆ

ಕಣ್ಣಿಗೆ ಹುಳು ಕಾಣದಿದ್ದರೂ ಒಳಗಿರಬಹುದು. ಅದನ್ನು ನಮ್ಮ ಸೂಕ್ಷ್ಮದರ್ಶಕದಿಂದಲೇ ತಿಳಿಯಬಹುದು. ಆಗಸ್ಟ್ ಕೊನೆಯಲ್ಲಿ ಉಳಿದ ನಾಲ್ಕು ಕೋಳಿಗಳಿಗೆ ನಾವು ಈ ಪರೀಕ್ಷೆ ಮಾಡಿದೆವು.

ಬಿಸಿನೀರಿಗೆ ಅಡಿಗೆ ಉಪ್ಪನ್ನು ಇನ್ನು ಕರಗದು ಎನ್ನುವವರೆಗೆ ಹಾಕಿ ಕಲಕಿ, ತಣ್ಣಗಾದ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಇದು ಸಂತೃಪ್ತ ದ್ರಾವಣ. ಕೈಗೆ ಚೀಲ ಹಾಕಿಕೊಂಡು ಹೊಸ ಹಿಕ್ಕೆಯನ್ನು ಕಡಲೆಬೀಜದಷ್ಟು ತೆಗೆದು, ಈ ದ್ರಾವಣದಲ್ಲಿ ಕದಡಿ, ಬೇರೆ ಕೆಲಸಕ್ಕೆ ಬಳಸದ ಟೀ ಸೋಸುಕದಲ್ಲಿ ಸೋಸಿ. ಸೋಸಿದ್ದನ್ನು ಸಣ್ಣ ಪ್ರನಾಳಕ್ಕೆ ಬಾಯಿಯವರೆಗೆ ತುಂಬಿ, ಮೇಲೆ ಒಂದು ಗಾಜಿನ ಬಿಲ್ಲೆಯನ್ನು ನೀರಿಗೆ ತಾಗುವಂತೆ ಮುಚ್ಚಿ ಹದಿನೈದು ಇಪ್ಪತ್ತು ನಿಮಿಷ ಅಲ್ಲಾಡಿಸದೆ ಬಿಡಿ. ಉಪ್ಪುನೀರಿನ ಸಾಂದ್ರತೆ ಹೆಚ್ಚು. ಹುಳುವಿನ ಮೊಟ್ಟೆಯ ಸಾಂದ್ರತೆ ಅದಕ್ಕಿಂತ ಕಡಿಮೆ. ಆದುದರಿಂದ ಮೊಟ್ಟೆಗಳು ತೇಲಿ ಗಾಜಿಗೆ ಅಂಟಿಕೊಳ್ಳುತ್ತವೆ. ಭೌತಶಾಸ್ತ್ರದಲ್ಲಿ ಓದಿದ ಆರ್ಕಿಮಿಡೀಸನ ತತ್ತ್ವ ಇಲ್ಲಿ ಕೋಳಿಯ ಜೀವಕ್ಕೆ ಉಪಯೋಗವಾಯಿತು. ಗಾಜನ್ನು ನೇರವಾಗಿ ಮೇಲೆತ್ತಿ ಸ್ಲೈಡಿನ ಮೇಲಿಟ್ಟು ನೋಡಿದರೆ ನುಣುಪಾದ ದಪ್ಪ ಗೋಡೆಯ, ಉದ್ದುಂಡಾದ ಮೊಟ್ಟೆಗಳು ಕಾಣುತ್ತವೆ. ಒಂದರ ಉದ್ದ ಸುಮಾರು 0.08 ಮಿಲಿಮೀಟರ್. ನಾಲ್ಕೂ ಕೋಳಿಗಳ ಹಿಕ್ಕೆಯಲ್ಲಿ ಅವು ಇದ್ದವು. ಆ ವಿದ್ಯಾರ್ಥಿನಿ ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ದೃಷ್ಟಿ ಅಲ್ಲ ಸಾರ್, ಇದೇ" ಎಂದಳು.

ಲಾಡಿಹುಳುವಿನ ಮೊಟ್ಟೆ ಈ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಅದಕ್ಕೆ ಹಿಕ್ಕೆಯಲ್ಲಿ ತುಂಡುಗಳಿವೆಯೇ ಎಂದು ಬೆಳಿಗ್ಗೆ ನೋಡುವುದೇ ದಾರಿ.

ಔಷಧಿ ಕೊಡುವಾಗ

ಹುಳು ಇದೆಯೆಂದು ಗೊತ್ತಾದ ಮೇಲೆ ಪಶುವೈದ್ಯರನ್ನು ಕೇಳಿಯೇ ಔಷಧಿ ಕೊಡಬೇಕು. ಅದಕ್ಕೆ ಕಾರಣಗಳುಂಟು.

ಮೊದಲನೆಯದಾಗಿ, ಎಲ್ಲ ಔಷಧಿಯೂ ಎಲ್ಲ ಹುಳುವಿಗೆ ಆಗುವುದಿಲ್ಲ. ಪೈಪರಜೀನ್ ದುಂಡುಹುಳುವಿಗೆ ಸರಿ. ಲಾಡಿಹುಳುವಿಗೆ ಅದರಿಂದ ಏನೂ ಆಗದು. ಎರಡನೆಯದಾಗಿ, ಫೆನ್‌ಬೆಂಡಜೋಲ್ ಒಳ್ಳೆಯ ಔಷಧಿಯೇ ಆದರೂ ಪುಕ್ಕ ಉದುರಿ ಹೊಸದು ಬರುತ್ತಿರುವಾಗ ಕೊಟ್ಟರೆ ಹೊಸ ಗರಿ ಸೊಟ್ಟಗಾಗಬಹುದು. ಫಾರಂನಿಂದ ಬಂದ ಕೋಳಿ ಸಾಮಾನ್ಯವಾಗಿ ಇದೇ ಸ್ಥಿತಿಯಲ್ಲಿರುತ್ತದೆ. ಇದನ್ನು ವೈದ್ಯರಿಗೆ ನಾವೇ ಹೇಳಬೇಕು. ಮೂರನೆಯದಾಗಿ, ಹುಳು ವಿಪರೀತವಾಗಿದ್ದು ಕೋಳಿ ಬಳಲಿದ್ದರೆ, ಒಮ್ಮೆಗೇ ಸತ್ತ ಹುಳುಗಳ ಉಂಡೆ ಕರುಳನ್ನು ಕಟ್ಟುವ ಅಪಾಯ ಉಂಟು. ಅಂಥ ಕೋಳಿಗೆ ಮೊದಲು ಶಕ್ತಿ ತುಂಬಿ, ವೈದ್ಯರು ಹೇಳಿದಂತೆ ಜಾಗ್ರತೆಯಾಗಿ ಕೊಡಬೇಕು.

ಔಷಧಿಯ ಅಳತೆ ಕೋಳಿಯ ತೂಕವನ್ನು ಅವಲಂಬಿಸಿದೆ. ಕೋಳಿಯನ್ನು ಬಟ್ಟೆಯ ಚೀಲದಲ್ಲಿಟ್ಟು ತೂಗುತಕ್ಕಡಿಗೆ ಹಾಕಿ, ಬಂದ ತೂಕದಲ್ಲಿ ಚೀಲದ ತೂಕ ಕಳೆಯಿರಿ. ವೈದ್ಯರು ಕಿಲೋಗ್ರಾಮಿಗೆ 10 ಮಿ.ಗ್ರಾಂ. ಎಂದು ಬರೆದರೆಂದು ಇಟ್ಟುಕೊಳ್ಳೋಣ. ಕೋಳಿಯ ತೂಕ 1.4 ಕಿ.ಗ್ರಾಂ. ಆಗ ಬೇಕಾದದ್ದು 14 ಮಿ.ಗ್ರಾಂ. ಸೀಸೆಯ ದ್ರವದಲ್ಲಿ ಒಂದು ಮಿ.ಲೀ.ಗೆ 25 ಮಿ.ಗ್ರಾಂ. ಔಷಧಿ ಇದ್ದರೆ, 14ನ್ನು 25ರಿಂದ ಭಾಗಿಸಿದಾಗ 0.56 ಮಿ.ಲೀ. ಆಯಿತು. "ಒಂದು ಮುಚ್ಚಳ" ಎಂಬ ಅಂದಾಜು ಇಲ್ಲಿ ನಡೆಯದು. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು, ಕೊಕ್ಕಿನ ಪಕ್ಕದಲ್ಲಿ ತೊಟ್ಟು ತೊಟ್ಟಾಗಿ ಬಿಡಬೇಕು. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಒಮ್ಮೆಗೇ ಒಳಗೆ ಚಿಮ್ಮಿಸಿದರೆ ಔಷಧಿ ಶ್ವಾಸಕೋಶಕ್ಕೆ ಹೋಗಿ ಕೋಳಿ ಸಾಯಬಹುದು.

ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿ ತಿಳಿದು, ಅಷ್ಟು ದಿನದ ಮೊಟ್ಟೆಯನ್ನು ಬಿಟ್ಟುಬಿಡಿ. ಬೆಳ್ಳುಳ್ಳಿ, ಬೇವು, ಪರಂಗಿ ಬೀಜ ಕೊಟ್ಟರೆ ಸಾಕೆಂದು ಹಿರಿಯರು ಹೇಳುತ್ತಾರೆ. ಕೊಟ್ಟರೆ ತಪ್ಪಿಲ್ಲ, ಆದರೆ ಕರುಳು ತುಂಬಿದ ಹುಳುವಿಗೆ ಅವನ್ನೇ ನಂಬಿ ಕೂರಬಾರದು. ಮೂರು ನಾಲ್ಕು ವಾರದ ಬಳಿಕ ಮತ್ತೆ ಹಿಕ್ಕೆ ಪರೀಕ್ಷೆ ಮಾಡಿ, ಬೇಕಾದರೆ ಇನ್ನೊಮ್ಮೆ ಔಷಧಿ ಕೊಡಿಸಬೇಕು.

ಕೋಳಿಗೆ ಮಾತ್ರವಲ್ಲ, ಅಂಗಳಕ್ಕೂ ಚಿಕಿತ್ಸೆ

ಕೋಳಿಗೆ ಔಷಧಿ ಕೊಟ್ಟು ಅದೇ ಕೊಳಕು ನೆಲಕ್ಕೆ ಬಿಟ್ಟರೆ ಹುಳು ಮತ್ತೆ ಬರುತ್ತದೆ. ಹುಳುವಿನ ಮೊಟ್ಟೆಯ ಚಿಪ್ಪು ಗಟ್ಟಿ. ಫಿನಾಯಿಲ್ ಸುರಿದರೆ ಅದು ಸಾಯುವುದೆಂದು ನಂಬುವಂತಿಲ್ಲ. ಅದಕ್ಕೆ ಆಗದವು ಎರಡು: ಬಿಸಿಲು ಮತ್ತು ಒಣಗುವುದು. ಆದುದರಿಂದ ಗೂಡಿನ ಹಿಕ್ಕೆಯನ್ನು ದಿನವೂ ಗುಡಿಸಿ ದೂರದ ಗೊಬ್ಬರದ ಗುಂಡಿಗೆ ಹಾಕಿ ಮುಚ್ಚಬೇಕು. ನೀರಿನ ತಟ್ಟೆಯ ಸುತ್ತ ಕೆಸರಾಗದಂತೆ ಅದನ್ನು ಇಟ್ಟಿಗೆಯ ಮೇಲಿಡಬೇಕು. ಮೇವನ್ನು ನೆಲಕ್ಕೆ ಎರಚದೆ ತಟ್ಟೆಯಲ್ಲಿ ಹಾಕಬೇಕು. ಅಂಗಳವನ್ನು ಎರಡು ಭಾಗ ಮಾಡಿ, ಒಂದರಲ್ಲಿ ಕೋಳಿ ಬಿಟ್ಟಾಗ ಇನ್ನೊಂದನ್ನು ಅಗೆದು ಬಿಸಿಲಿಗೆ ಬಿಡುವುದು ಉತ್ತಮ. ಮುಂಗಾರು ಮತ್ತು ಐಪಸಿ ಮಳೆಯ ತಿಂಗಳುಗಳಲ್ಲಿ ಹೆಚ್ಚು ಎಚ್ಚರ ಬೇಕು.

ಹೊಸದಾಗಿ ತಂದ ಕೋಳಿಯನ್ನು ಮೂರು ವಾರ ಬೇರೆಯಾಗಿಡುವುದು ಇನ್ನೊಂದು ಮುಖ್ಯ ನಿಯಮ. ಕೊಕ್ಕರೆ ರೋಗವೆಂದು ನಾವು ಕರೆಯುವ ರಾಣಿಖೇತ್ ಮುಂತಾದ ಕಾಯಿಲೆಗಳು ಹೊಸ ಕೋಳಿಯಿಂದ ಮನೆಯ ಕೋಳಿಗೆ ಹರಡದಂತೆ ಇದರಿಂದ ತಡೆಯಬಹುದು. ಮೇವಿನಲ್ಲಿ ಎ ಮತ್ತು ಬಿ ಜೀವಸತ್ವಗಳೂ ಸಾರಜನಕ ಪದಾರ್ಥವೂ ಕಡಿಮೆಯಾದರೆ ಹುಳುವಿನ ಕಾಟ ಹೆಚ್ಚು. ನುಗ್ಗೆಸೊಪ್ಪು, ಬೇಯಿಸಿದ ಹುರುಳಿ, ಹುರಿದು ಪುಡಿಮಾಡಿದ ಮೊಟ್ಟೆಯ ಚಿಪ್ಪು ಇವುಗಳನ್ನು ಸ್ವಲ್ಪ ಸ್ವಲ್ಪ ಕೊಡಬಹುದು. ಫಾರಂ ಕೋಳಿಗೆ ರಾಗಿ ಕಾಳು ತಿನ್ನುವುದು ಗೊತ್ತಿರುವುದಿಲ್ಲ. ಮೊದಲ ವಾರ ಅದಕ್ಕೆ ಅಭ್ಯಾಸವಾದ ಪುಡಿ ಮೇವನ್ನೇ ಕೊಟ್ಟು, ಆಮೇಲೆ ಬದಲಿಸಬೇಕು.

ಸಲಹೆ ಬೇಕಾದವರು ಹತ್ತಿರದ ಸರಕಾರಿ ಪಶು ಆಸ್ಪತ್ರೆಗೆ ಹೋಗಬಹುದು. ಹೊಸೂರಿನ ಮತ್ತಿಗಿರಿಯಲ್ಲಿ 1824ರಷ್ಟು ಹಿಂದೆಯೇ ಆರಂಭವಾದ ಜಾನುವಾರು ಫಾರಂ ಇದೆ. ಅಲ್ಲಿಯೇ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ, ಕೋಳಿ ಸಾಕಣೆಯ ವಿಷಯಕ್ಕೇ ಮೀಸಲಾದ ಕಾಲೇಜೂ ಇದೆ. ಇಂಥ ವಿದ್ಯೆ ನಮ್ಮ ಮನೆಬಾಗಿಲಲ್ಲಿದೆ ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರಬೇಕು.

ಪ್ರಶ್ನೆಗೆ ಉತ್ತರ

"ಬಿಡಿಸಿ ತಂದದ್ದೇ ತಪ್ಪಾಯಿತೇ?" ಎಂದು ಆ ಹುಡುಗಿ ಕೇಳಿದ್ದಳು. ತಪ್ಪಲ್ಲಮ್ಮ. ಆದರೆ ಬಿಡಿಸಿ ತಂದ ಮಾತ್ರಕ್ಕೆ ಉಳಿಸಿದಂತಾಗುವುದಿಲ್ಲ. ಉದ್ದವಾದ ಉಗುರನ್ನು ಸವೆಸುವುದು ಮಣ್ಣು. ಹೊಟ್ಟೆಗೆ ಹುಳುವನ್ನು ಕೊಡುವುದೂ ಅದೇ ಮಣ್ಣು. ಪಂಜರದಲ್ಲಿ ಹುಳುವಿಲ್ಲ, ಕೆದಕುವುದೂ ಇಲ್ಲ. ಅಂಗಳದಲ್ಲಿ ಎರಡೂ ಉಂಟು. ಕೋಳಿಗೆ ಮಣ್ಣನ್ನು ಕೊಟ್ಟವರು ಆ ಮಣ್ಣಿನ ಅಪಾಯವನ್ನೂ ಕಾಯಬೇಕು. ನಾವು ಜೂನ್ ತಿಂಗಳಲ್ಲೇ ಇದನ್ನು ತಿಳಿದಿದ್ದರೆ ಎರಡು ಜೀವ ಉಳಿಯುತ್ತಿತ್ತೇನೋ. ಆ ತಿಳಿಯದಿದ್ದುದರಲ್ಲಿ ನಿನ್ನ ಪಾಲಿಗಿಂತ ನಿನ್ನ ಮೇಷ್ಟರ ಪಾಲೇ ಹೆಚ್ಚು.

ಉಳಿದ ನಾಲ್ಕು ಕೋಳಿಗಳು ಔಷಧಿಯಿಂದ ಚೇತರಿಸಿಕೊಂಡವು. ಈಗ ಅವಕ್ಕೆ ಮೈತುಂಬ ಪುಕ್ಕ ಬಂದಿದೆ. ದಿನಕ್ಕೆ ಒಂದೋ ಎರಡೋ ಮೊಟ್ಟೆ ಸಿಗುತ್ತದೆ, ಕೆಲವು ದಿನ ಅದೂ ಇಲ್ಲ. ಕಳೆದ ಸಂಕ್ರಾಂತಿಯ ಹೊತ್ತಿಗೆ ನಾನು ಹೋಗಿ ನೋಡಿದಾಗ ನಾಟಿ ಕೋಳಿಗಳ ಜೊತೆ ತಿಪ್ಪೆಯ ಮೇಲಿದ್ದವು. ಉಗುರು ಕತ್ತರಿಸಲೆಂದು ಕತ್ತರಿ ತೆಗೆದುಕೊಂಡು ಹೋಗಿದ್ದೆ. "ಬೇಡ ಸಾರ್, ತಾನೇ ಸವೆದಿದೆ" ಎಂದು ಅವಳು ಒಂದು ಕೋಳಿಯನ್ನು ಎತ್ತಿ, ಅದರ ಕಾಲನ್ನು ನನಗೆ ತೋರಿಸಿದಳು.

ಅಭ್ಯಾಸ

1. ಪಂಜರದ ಕೋಳಿಗೆ ದುಂಡುಹುಳು ಕಡಿಮೆ, ಆದರೆ ಉಗುರು ಉದ್ದ. ಈ ಎರಡಕ್ಕೂ ಕಾರಣ ಬರೆಯಿರಿ.

2. ದುಂಡುಹುಳುವಿನ ಜೀವನಚಕ್ರದ ಚಿತ್ರ ಬರೆದು, ಅದನ್ನು ಯಾವ ಯಾವ ಹಂತದಲ್ಲಿ ಕಡಿಯಬಹುದೆಂದು ಗುರುತಿಸಿ.

3. ಕೋಳಿಯ ತೂಕ 1.75 ಕಿ.ಗ್ರಾಂ. ವೈದ್ಯರು ಬರೆದದ್ದು ಕಿಲೋಗ್ರಾಮಿಗೆ 10 ಮಿ.ಗ್ರಾಂ. ಒಂದು ಮಿ.ಲೀ. ದ್ರವದಲ್ಲಿ 25 ಮಿ.ಗ್ರಾಂ. ಔಷಧಿಯಿದೆ. ಎಷ್ಟು ಮಿ.ಲೀ. ಕೊಡಬೇಕು?

4. ನಿಮ್ಮ ಮನೆಯ ಒಂದು ನಾಟಿ ಕೋಳಿಯ ಕಾಲನ್ನು ಹಗಲಿನಲ್ಲಿ ಪರೀಕ್ಷಿಸಿ, ಬೆರಳು, ಉಗುರು, ಅಂಗಾಲು, ಪೊರೆ ಹೇಗಿವೆಯೆಂದು ಬರೆದು ತನ್ನಿ. ಕೈ ತೊಳೆಯುವುದನ್ನು ಮರೆಯಬೇಡಿ.